ಹಲ್ಲಿನ ಮೇಸ್ತ್ರಿಯ ಅರ್ಜಿ

ಹಲ್ಲಿನ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂದು ಈ ಕಥೆ ಬರೆಯುತ್ತಿರುವವನು ಒಂದೂವರೆ ವರ್ಷ ನಂಬಿದ್ದ. ಯಾರು ಮಾತಾಡಿಸಿದರೂ ಅವರು ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿಯನ್ನೇ ನೋಡುತ್ತಿದ್ದರು. ಪಾಪ, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ ಎಂದುಕೊಂಡು, ಅವರ ಹತ್ತಿರ ಗಂಟಲು ಹರಿಯುವ ಹಾಗೆ ಕೂಗಿ ಮಾತಾಡಿದ್ದಾಯಿತು. ಕೊನೆಗೊಂದು ದಿನ ಅವರೇ ಹೇಳಿದರು: "ಸ್ವಾಮಿ, ನನ್ನ ಕಿವಿ ನೆಟ್ಟಗಿದೆ. ನಿಮ್ಮ ಕೆಳದವಡೇಲಿ ಬಲಗಡೆ ಎರಡನೇದು ಅಲ್ಲಾಡ್ತಿದೆ. ಕೂಗಿದಾಗ ಚೆನ್ನಾಗಿ ಕಾಣುತ್ತೆ ಅಂತ ಸುಮ್ಮನಿದ್ದೆ."

ಹಲ್ಲುಸೆಟ್ಟು ಮಾಡುವುದು ಅವರ ಕೆಲಸ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಮೇಸ್ತ್ರಿ ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ತಿದ್ದಿ ತೀಡಿ ಸೆಟ್ಟು ಮಾಡಿ ಕೊಡುತ್ತಾರೆ. ಮಹಡಿಯ ಮೆಟ್ಟಿಲ ಕೆಳಗಿನ ಒಂದೇ ಕೋಣೆ, ಒಂದು ಮೇಜು, ಒಂದು ಉರಿಯುವ ದೀಪ, ಒಂದು ನಲ್ಲಿ. ಗೋಡೆಯ ಕಪಾಟಿನಲ್ಲಿ ಸಾಲುಸಾಲಾಗಿ ಬಿಳಿ ದವಡೆಗಳು. ಪ್ರತಿಯೊಂದರ ತಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಹೆಸರು. ಊರಿನ ದೊಡ್ಡ ಮನುಷ್ಯರಲ್ಲಿ ಅರ್ಧದಷ್ಟು ಜನ ಅಲ್ಲಿ ಬಾಯಿ ತೆರೆದು ಕೂತಿದ್ದರು. ಬೇರೆ ಯಾವ ಸಭೆಯಲ್ಲೂ ಅವರು ಅಷ್ಟು ಹೊತ್ತು ಮಾತಾಡದೆ ಕೂತದ್ದಿಲ್ಲ.

ಹೋದ ವರ್ಷದಿಂದ ಮೇಸ್ತ್ರಿಯ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ್ದು. ತುಳುಕದಿರಲೆಂದು ಹೆಂಡತಿ ಚಹಾವನ್ನು ಅರ್ಧ ಲೋಟಕ್ಕೆ ಇಳಿಸಿದರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಉಳಿದರ್ಧ ಲೋಟದಲ್ಲಿ ಇಬ್ಬರ ಭಯವೂ ತುಂಬಿಕೊಂಡಿತ್ತು.

ಹೀಗಿರುವಾಗ ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಸೆಟ್ಟು ವಾಪಸು ಬಂತು. ಜೊತೆಗೆ ಡಾಕ್ಟರ ಚೀಟಿ: "ಮುಂದಿನ ಹಲ್ಲು ವಾಲಿದೆ." ಮೇಸ್ತ್ರಿ ಆ ಚೀಟಿಯನ್ನು ಎಂಟು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು, ತೆಗೆದು ನೋಡಿದರು, ಮತ್ತೆ ಮಡಿಸಿದರು. ಒಂಬತ್ತನೆಯ ದಿನ ಹೆಂಡತಿಗೆ, "ಕೈ ಪೂರ್ತಿ ಕೈಕೊಡೋಕೆ ಮುಂಚೆ ಯಾರಿಗಾದ್ರೂ ಕಲಿಸಿಬಿಡಬೇಕು ಕಣೆ" ಅಂದರು. ಕೈಯ ಸುದ್ದಿ ಆ ಮನೆಯಲ್ಲಿ ಬಾಯಿಗೆ ಬಂದದ್ದು ಅದೇ ಮೊದಲು.

ಯಾರಿಗೆ ಕಲಿಸಬೇಕೆಂಬುದನ್ನು ಅವರು ಆಗಲೇ ನೋಡಿಟ್ಟಿದ್ದರು. ಎದುರಿನ ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುತ್ತಿದ್ದ ಹೆಂಗಸು. ಮೂವತ್ತು ದಾಟಿದವಳು, ಶಾಲೆಗೆ ಹೋಗುವ ಮಗಳ ತಾಯಿ. ಅವಳ ಕೈಯ ಎಸಳು ತುದಿಯಲ್ಲಿ ಬೆಳಕು ಹಾಯುವಷ್ಟು ತೆಳ್ಳಗೆ, ಬುಡದಲ್ಲಿ ದಪ್ಪ. ಮೇಸ್ತ್ರಿ ಗಾಜಿನಾಚೆ ನಿಂತು ದಿನಾ ನೋಡುತ್ತಿದ್ದುದನ್ನು ಕಂಡು ಬೇಕರಿಯವನು, ಮುದುಕನಿಗೆ ಸಿಹಿಯ ಚಪಲ ಎಂದುಕೊಂಡಿದ್ದ.

ಕೇಳಿದಾಗ ಕೇಕಿನಾಕೆ ನಕ್ಕಳು. "ನಾನು ತಿನ್ನೋದನ್ನ ಮಾಡ್ತೀನಿ ಮೇಸ್ತ್ರೀ, ನೀವು ತಿನ್ನಿಸೋದನ್ನ ಮಾಡ್ತೀರಿ. ದೂರದ ನೆಂಟರು ನಾವು." ಆಮೇಲೆ ನಗು ನಿಲ್ಲಿಸಿದಳು. "ಬಾಯಿಮಾತಿನ ಕಲಿಕೆಗೆ ನಾನು ಬರಲ್ಲ. ತರಬೇತಿ ಕಚೇರಿಯ ಒಪ್ಪಿಗೆ ಬೇಕು, ಕರಾರು ಬೇಕು, ಕೊನೇಲಿ ಸರ್ಟಿಫಿಕೇಟು ಬೇಕು. ಇರೋ ಕೆಲಸ ಬಿಟ್ಟು ಬಂದು, ನಾಳೆ ನಿಮ್ಮ…" ಅಲ್ಲಿಗೆ ನಿಂತಳು. ಅವಳ ಕಣ್ಣು ಅವರ ಬಲಗೈ ಮೇಲಿತ್ತು. ಮೇಸ್ತ್ರಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಆಗಲಮ್ಮ" ಅಂದರು.

ಕಚೇರಿ ಎಂದ ಕೂಡಲೇ ಭಾವಮೈದ ಪ್ರತ್ಯಕ್ಷನಾದ. ಅವನು ವರ್ತಕರ ಸಂಘದ ಸಹಕಾರ್ಯದರ್ಶಿ. ಯಾವುದರ ವರ್ತಕ ಎಂಬುದು ಸಂಘಕ್ಕೂ ಗೊತ್ತಿರಲಿಲ್ಲ, ಆದರೆ ಕಂಕುಳಲ್ಲಿ ಫೈಲು ಮಾತ್ರ ಹುಟ್ಟಿನಿಂದ ಅಂಟಿಕೊಂಡ ಅಂಗದ ಹಾಗೆ ಇತ್ತು.

"ಅಪ್ರೆಂಟಿಸ್ ತಗೊಳ್ಳೋದು ಅಂದ್ರೆ ಸಂತೆಯಿಂದ ಸೌತೆಕಾಯಿ ತಂದ ಹಾಗಲ್ಲ ಭಾವ" ಎಂದು ಕುರ್ಚಿ ಎಳೆದುಕೊಂಡ. "ಮೊದಲು ಅರ್ಜಿ. ಅದರ ಜೊತೆ ಯಾವ ತಿಂಗಳು ಏನು ಕಲಿಸ್ತೀರಿ ಅನ್ನೋ ಪಟ್ಟಿ. ಆಮೇಲೆ ಆಫೀಸರು ಖುದ್ದು ಬಂದು ಜಾಗ ನೋಡ್ತಾರೆ, ನಿಮ್ಮ ಕೈಯಲ್ಲಿ ಕೆಲಸ ಮಾಡಿಸಿ ನೋಡ್ತಾರೆ. ಒಪ್ಪಿದ್ರೆ ಕರಾರಿಗೆ ಇಬ್ಬರ ಸಹಿ."

"ಒಪ್ಪದಿದ್ರೆ?"

"ಮೂರು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ."

ಮೂರು ವರ್ಷಕ್ಕೆ ಈ ಕೈ ಎಲ್ಲಿರುತ್ತದೆ ಎಂದು ಮೇಸ್ತ್ರಿ ಲೆಕ್ಕ ಹಾಕಿದರು.

ಎರಡು ವರ್ಷದ ತರಬೇತಿಗೆ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. ಮೇಸ್ತ್ರಿ ಹೇಳುತ್ತಾ ಹೋದರು, ಹೆಂಡತಿ ಬರೆಯುತ್ತಾ ಹೋದರು. "ಮೊದಲನೇ ತಿಂಗಳು, ಬಾಯಿ ನೋಡುವುದು. ಎರಡನೇ ತಿಂಗಳು, ಬಾಯಿ ನೋಡುವುದು. ಮೂರನೇ ತಿಂಗಳು…"

"ಅದೂ ಬಾಯಿ ನೋಡೋದೇನಾ?" ಭಾವಮೈದ ಎದೆ ಹಿಡಿದುಕೊಂಡ. "ಇದು ಕಚೇರಿ ಕಾಗದ ಭಾವ! ಮೂರು ತಿಂಗಳು ಬಾಯಿ ನೋಡ್ತಾ ಕೂರ್ತಾರೆ ಅಂದ್ರೆ ಏನಂದುಕೊಳ್ತಾರೆ?"

"ನನ್ನ ಗುರುಗಳು ನನಗೆ ಆರು ತಿಂಗಳು ನೋಡಿಸಿದ್ರು. ನಾನು ಅರ್ಧಕ್ಕೆ ಇಳಿಸಿದೀನಿ."

ಪಟ್ಟಿಯನ್ನು ಹೆಂಡತಿ ಬರೆಯಬಹುದು, ಸಹಿಯನ್ನಲ್ಲ. ಮೇಸ್ತ್ರಿ ಹಳೆಯ ಪೇಪರಿನ ಅಂಚಿನಲ್ಲಿ ಹನ್ನೊಂದು ಸಲ ಅಭ್ಯಾಸ ಮಾಡಿದರು. ಆಫೀಸರು ಬರುವ ದಿನ ಹತ್ತಿರವಾದಂತೆ ಊಟ ಇಳಿಯದಾಯಿತು. ಕಪಾಟಿನ ದವಡೆಗಳೆಲ್ಲ ಒಟ್ಟಾಗಿ ತಮ್ಮನ್ನು ನೋಡಿ ನಗುತ್ತಿವೆ ಅನ್ನಿಸತೊಡಗಿತು.

"ಕೈಗೆ ಪಟ್ಟಿ ಸುತ್ಕೊಳ್ಳಿ. ಬಿಸಿನೀರು ಬಿತ್ತು ಅಂದ್ರಾಯ್ತು" ಎಂದು ಭಾವಮೈದ ದಾರಿ ತೋರಿಸಿದ.

"ಪಟ್ಟಿ ಸುತ್ತಿದ್ರೆ ನಡುಕ ನಿಲ್ಲುತ್ತೇನೋ?" ಅಂದರು ಅವನಕ್ಕ. "ಪಟ್ಟಿನೂ ಸೇರಿ ನಡುಗುತ್ತೆ, ಅಷ್ಟೆ."

ಸೋಮವಾರ ಹನ್ನೊಂದು ಗಂಟೆಗೆ ಆಫೀಸರಮ್ಮ ಬಂದರು. ದಪ್ಪ ಕನ್ನಡಕ, ಬಿಗಿದ ತುಟಿ. ಮೇಸ್ತ್ರಿ ಅಭ್ಯಾಸಬಲದಿಂದ ಬಾಯಿ ನೋಡಿದರು. ಅದು ತೆರೆಯಲೇ ಇಲ್ಲ, ಏನೂ ಓದಲಾಗಲಿಲ್ಲ. ಆಕೆ ಕಿಟಕಿ ನೋಡಿದರು, ಕೈಯಲ್ಲಿದ್ದ ಹಾಳೆಯಲ್ಲಿ ಗುರುತು ಹಾಕಿದರು. ನಲ್ಲಿ ತಿರುಗಿಸಿದರು, ಗುರುತು ಹಾಕಿದರು. ದೀಪದ ಪಕ್ಕದ ಮರಳಿನ ಬಕೆಟ್ಟಿಗೂ ಒಂದು ಗುರುತು ಬಿತ್ತು. ಬೇಕರಿಯ ಏಪ್ರನ್ ಬಿಚ್ಚದೆಯೇ ಓಡಿ ಬಂದ ಕೇಕಿನಾಕೆ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು.

"ಒಂದು ಹಲ್ಲು ಕೂರಿಸಿ ತೋರಿಸಿ."

ಮೇಸ್ತ್ರಿ ಮೊಣಕೈಯನ್ನು ಮೇಜಿಗೆ ಒತ್ತಿ ಕೂತರು. ಮೇಣದ ಚಾಕುವನ್ನು ಉರಿಗೆ ಹಿಡಿದು ಒಸಡಿನ ಮೇಣ ಕರಗಿಸಿದರು, ಬಲಗೈಯಲ್ಲಿ ಹಲ್ಲು ತೆಗೆದುಕೊಂಡು ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದರು. ಒಸಡಿನ ಹತ್ತಿರ ಹೋಗುವಷ್ಟರಲ್ಲಿ ಕೈ ಎಗರಿತು. ಹಲ್ಲು ಟಣ್ಣನೆ ನೆಲಕ್ಕೆ ಬಿದ್ದು ಕಪಾಟಿನ ಅಡಿಗೆ ಉರುಳಿತು. ವರ್ತಕರ ಸಂಘದ ಸಹಕಾರ್ಯದರ್ಶಿ ಫೈಲನ್ನು ಪಕ್ಕಕ್ಕಿಟ್ಟು, ಬೋರಲು ಮಲಗಿ, ಹುಡುಕಲು ಕೈ ಚಾಚಿದ.

"ಎಷ್ಟು ದಿನದಿಂದ ಹೀಗೆ?" ಆಫೀಸರಮ್ಮ ಕೇಳಿದರು.

"ಒಂದು ವರ್ಷ, ಮೇಡಂ."

"ಅರ್ಜಿಯಲ್ಲಿ ಬರೆದಿಲ್ಲ."

"ಅದನ್ನ ಯಾವ ಸಾಲೂ ಕೇಳಿರಲಿಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ನನಗೆ ಹಲ್ಲಿನ ಡಾಕ್ಟರುಗಳು ಮಾತ್ರ ಗೊತ್ತು, ಮೇಡಂ."

ಆಕೆಯ ಪೆನ್ನು ಹಾಳೆಯ ಕೊನೆಯ ಸಾಲಿಗೆ ಇಳಿಯಿತು. ಮೇಸ್ತ್ರಿಗೆ ಆ ಪೆನ್ನಿನ ತುದಿ ಬಿಟ್ಟು ಬೇರೇನೂ ಕಾಣಲಿಲ್ಲ. ಬರೆಯುವ ಮುಂಚೆ ಆಕೆ ತಲೆಯೆತ್ತಿ, "ಈ ಕೈಯಲ್ಲಿ ಹೇಗೆ ಕಲಿಸ್ತೀರಿ?" ಅಂದರು.

ಮೇಸ್ತ್ರಿ ಎದ್ದರು. "ಬಾರಮ್ಮ, ಇಲ್ಲಿ ಕೂತ್ಕೋ" ಎಂದು ಕೇಕಿನಾಕೆಯನ್ನು ಕರೆದು ತಮ್ಮ ಜಾಗದಲ್ಲಿ ಕೂರಿಸಿದರು. ತಾವು ಪಕ್ಕದ ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತರು.

"ಚಾಕು ಉರಿಗೆ ಹಿಡಿ. ಸಾಕು, ತೆಗಿ. ಊದಬೇಡ, ತಾನಾಗಿ ಆರಲಿ. ಈಗ ಮೇಣ ಕರಗಿಸಿ ಇನ್ನೊಂದು ಹಲ್ಲು ಇಡು."

ಅವಳು ಇಟ್ಟಳು. ಗೆರೆ ಎಳೆದ ಹಾಗೆ ನೆಟ್ಟಗೆ ಬಂತು.

"ಇದು ಅಂಗಡಿ ಗಾಜಿನೊಳಗೆ ಇಡೋ ಹಲ್ಲು. ಈ ಬಾಯಿಗೆ ಎಪ್ಪತ್ತು ವರ್ಷ. ಅಷ್ಟು ವರ್ಷ ಸೊಸೆಯಂದಿರ ಜೊತೆ ಜಗಳ ಆಡಿದ ಹಲ್ಲು ಇಷ್ಟು ನೆಟ್ಟಗಿರುತ್ತಾ? ಒಂದು ಕೂದಲೆಳೆ ಒಳಕ್ಕೆ ತಿರುಗಿಸು."

ತಿರುಗಿಸುವಾಗ ಮೇಣ ಬಿರಿಯಿತು. ಕೇಕಿನಾಕೆ ತುಟಿ ಕಚ್ಚಿಕೊಂಡಳು. ಮೇಸ್ತ್ರಿಯ ತೊಡೆಯ ಕೆಳಗಿನ ಕೈ ಚಾಕುವಿಗಾಗಿ ತಹತಹಿಸಿತು.

"ಹೆದರಬೇಡ. ಎಸಳನ್ನ ಬುಡದಲ್ಲಿ ಹೇಗೆ ದಪ್ಪ ಮಾಡ್ತೀಯ? ಒಸಡೂ ಹಾಗೇ. ಹಲ್ಲಿನ ಹತ್ತಿರ ತೆಳ್ಳಗೆ, ಮೇಲಕ್ಕೆ ಹೋದ ಹಾಗೆ ದಪ್ಪ. ನಿನಗೆ ಗೊತ್ತಿರೋದೇ."

ಇಪ್ಪತ್ತು ನಿಮಿಷದ ಮೇಲೆ ಹಲ್ಲು ಕೂತಿತು. ಆಫೀಸರಮ್ಮ ಕನ್ನಡಕ ಮೇಲೆತ್ತಿ ಹತ್ತಿರದಿಂದ ನೋಡಿದರು. ಆಮೇಲೆ ಬರೆಯತೊಡಗಿದರು. ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಅಷ್ಟು ಹೊತ್ತಿನಲ್ಲಿ ಮೇಸ್ತ್ರಿ ಮನಸ್ಸಿನಲ್ಲೇ ಕೋಣೆ ಖಾಲಿ ಮಾಡಿ, ಬೀಗ ಹಾಕಿ, ಬೀಗದಕೈ ಮಾಲೀಕನಿಗೆ ಕೊಟ್ಟು ಬಂದಿದ್ದರು.

"ಒಂದು ವರ್ಷಕ್ಕೆ ಒಪ್ಪಿಗೆ" ಅಂದರು ಆಫೀಸರಮ್ಮ. "ಆರು ತಿಂಗಳಿಗೆ ಮತ್ತೆ ಬಂದು ನೋಡ್ತೀನಿ. ಅಷ್ಟರಲ್ಲಿ ಕೈಯನ್ನ ಸರಿಯಾದ ಡಾಕ್ಟರಿಗೆ ತೋರಿಸಿ ಚೀಟಿ ತಂದಿರಬೇಕು. ಇಲ್ಲಾಂದ್ರೆ ಎರಡನೇ ವರ್ಷ ಇಲ್ಲ. ಮತ್ತೆ, 'ಬಾಯಿ ನೋಡುವುದು' ಅಂತ ಬರೆದಿದ್ರಲ್ಲ, ಅದನ್ನ 'ಪ್ರಾಥಮಿಕ ಅವಲೋಕನ' ಅಂತ ತಿದ್ದಿದೀನಿ."

ಕರಾರಿಗೆ ಕೇಕಿನಾಕೆ ಗುಂಡಗೆ, ಕೇಕಿನ ಮೇಲೆ ಬರೆಯುವ ಹಾಗೆ, ಸಹಿ ಹಾಕಿದಳು. ಮೇಸ್ತ್ರಿಯ ಹನ್ನೆರಡನೆಯ ಸಹಿ ಹಿಂದಿನ ಹನ್ನೊಂದಕ್ಕಿಂತ ಹೆಚ್ಚು ಅಂಕುಡೊಂಕಾಯಿತು.

ಕೇಳಿದ್ದು ಎರಡು ವರ್ಷ, ಸಿಕ್ಕಿದ್ದು ಒಂದು. ಅದರಲ್ಲೂ ಮೂರು ತಿಂಗಳು ನೋಡುವುದಕ್ಕೇ ಹೋಗುತ್ತದೆ. ಅಷ್ಟರಲ್ಲಿ ಅವಳು ಕಲಿಯುತ್ತಾಳೆಯೇ, ಡಾಕ್ಟರು ಏನು ಹೇಳಿಬಿಡುತ್ತಾರೋ ಎಂದು ಮೇಸ್ತ್ರಿಯ ಎದೆ ಆಗಲೇ ಮುಂದಿನ ಆರು ತಿಂಗಳ ದಿಗಿಲಿಗೆ ಸಿದ್ಧವಾಗುತ್ತಿತ್ತು. ಹೆಂಡತಿ ಅರ್ಧ ಲೋಟ ಚಹಾ ತಂದುಕೊಟ್ಟರು. ಮೇಸ್ತ್ರಿ ಎಲ್ಲರೆದುರಿಗೇ, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು.

ಕಪಾಟಿನ ಅಡಿಯಿಂದ ಭಾವಮೈದ ಎದ್ದ. ಮೂಗಿನ ತುದಿಯವರೆಗೂ ಧೂಳು, ಅಂಗೈಯಲ್ಲಿ ಕಳೆದುಹೋದ ಹಲ್ಲು. ಫೈಲು ಮತ್ತೆ ಕಂಕುಳಿಗೆ ಏರಿತು.

"ಭಾವ, ಇಷ್ಟೆಲ್ಲ ಓಡಾಡಿ ನನಗೂ ಪೂರ್ತಿ ಅನುಭವ ಬಂತು. ನಾನೂ ಒಬ್ಬ ಅಪ್ರೆಂಟಿಸ್ ತಗೊಳ್ಳೋಣ ಅಂತಿದೀನಿ. ಕಾಗದಪತ್ರದ್ದೆಲ್ಲ ಗೊತ್ತಾಯ್ತು. ಅದು ಬಿಟ್ಟು ಇನ್ನೇನಾದ್ರೂ ಬೇಕಾಗುತ್ತಾ?"

ಮೇಸ್ತ್ರಿ ಅವನ ಬಾಯಿಯನ್ನು ನೋಡಿದರು.

"ಕೆಲಸ ಬರಬೇಕು."