ಯಂತ್ರಕ್ಕಿಟ್ಟ ನನ್ನದೇ ರಕ್ತ

ರಾಜಾಜಿನಗರದ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣಗಳಲ್ಲಿ ಹೃದಯಕ್ಕೆ ಕೆಡುಕು ಮಾಡುವುದು ಎಲ್‌ಡಿಎಲ್. ಬಹಳ ಕಾಲ ನಾವು ಅದನ್ನು ಅಳೆಯುತ್ತಲೇ ಇರಲಿಲ್ಲ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಒಳ್ಳೆಯ ಕಣವಾದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಐದನೇ ಒಂದು ಭಾಗವನ್ನೂ ಕಳೆದು, ಉಳಿದದ್ದನ್ನು ಎಲ್‌ಡಿಎಲ್ ಎಂದು ರಿಪೋರ್ಟಿನಲ್ಲಿ ಬರೆಯುತ್ತಿದ್ದೆವು. ಕಳೆದ ವರ್ಷ ಅದನ್ನು ನೇರವಾಗಿ ಅಳೆಯುವ ಕಿಟ್ ಬಂತು. ಹಳೆಯ ಲೆಕ್ಕಕ್ಕೂ ಹೊಸ ಅಳತೆಗೂ ತಾಳೆಯಾಗುತ್ತದೆಯೇ ಎಂದು ನೋಡಲು ಸಿಬ್ಬಂದಿಯೆಲ್ಲ ಉಪವಾಸವಿದ್ದು ರಕ್ತ ಕೊಟ್ಟೆವು.

ನನ್ನ ಎಲ್‌ಡಿಎಲ್ ಎಲ್ಲರದ್ದಕ್ಕಿಂತ ಎರಡು ಪಟ್ಟು ಬಂತು. ಕಿಟ್ ಕೆಟ್ಟಿರಬೇಕೆಂದು, ಮಟ್ಟ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಹಾಕಿ ನೋಡಿದೆ, ಸರಿಯಿತ್ತು. ಹಳೆಯ ಲೆಕ್ಕವೂ ಅದನ್ನೇ ಹೇಳಿತು. ನಾನು ತೆಳ್ಳಗಿನವಳು, ಎಣ್ಣೆ ತಿಂಡಿ ಮುಟ್ಟುವವಳಲ್ಲ.

ಲ್ಯಾಬಿನ ಡಾಕ್ಟರು ರಿಪೋರ್ಟ್ ನೋಡಿ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳಿದರು. ಅಪ್ಪ ನಲವತ್ತಕ್ಕೇ ಹೋದರು ಎಂದೆ.

"ಇದು ವಂಶದಲ್ಲಿ ಬರುತ್ತೆ ಕಣ್ರೀ. ಮಾತ್ರೆ ಶುರು ಮಾಡಿ. ಒಡಹುಟ್ಟಿದವರಿಗೂ ಟೆಸ್ಟ್ ಮಾಡಿಸಿ."

ನನಗಿರುವುದು ಒಬ್ಬನೇ ತಮ್ಮ, ಕೆಂಗೇರಿಯಲ್ಲಿದ್ದಾನೆ. ಅವನು ತಂದ ಸಂಬಂಧವನ್ನು ನಾನು ಒಲ್ಲೆನೆಂದ ಮೇಲೆ ಮಾತು ನಿಂತು ವರ್ಷಗಳೇ ಆಗಿದ್ದವು. ಮಲ್ಲತ್ತಹಳ್ಳಿಯ ನನ್ನ ಮನೆಗೆ ಅವನು ಒಮ್ಮೆಯೂ ಬಂದಿಲ್ಲ. ಅವನಿಗೂ ನಲವತ್ತು ಹತ್ತಿರವಾಗಿತ್ತು. ಅಂದು ಸಂಜೆಯೇ ಫೋನ್ ಮಾಡಿದೆ.

"ನಾನು ಕಣೋ," ಎಂದೆ.

"ಗೊತ್ತಾಯ್ತು, ಹೇಳು."

"ಅಪ್ಪಂಗೆ ಇದ್ದಿದ್ದೇ ನಂಗೂ ಇದೆ ಅನ್ಸುತ್ತೆ. ನಿಂಗೂ ಇರಬಹುದು. ಮಗಳನ್ನೂ ಕರ್ಕೊಂಡು ಲ್ಯಾಬಿಗೆ ಬಾ."

ಭಾನುವಾರ ಬರುತ್ತೇನೆಂದು ಫೋನ್ ಇಟ್ಟ.

ಬಂದ. ಮುಂದಲೆ ಕೂದಲು ಉದುರಿ ಥೇಟ್ ಅಪ್ಪನ ಹಾಗೆ ಕಾಣುತ್ತಿದ್ದ. ಅವನ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ರಕ್ತ ತೆಗೆದೆ. ಅಷ್ಟು ವರ್ಷಗಳ ಮೇಲೆ ಅವನನ್ನು ಮುಟ್ಟಿದ್ದು ಗ್ಲೌಸಿನ ಕೈಯಲ್ಲಿ. ಮಗಳು ಸೂಜಿಗೆ ಹೆದರಿ ಅತ್ತಳು. ನಾನು ಯಾರೆಂದು ಅವಳಿಗೆ ಯಾರೂ ಹೇಳಿದಂತಿರಲಿಲ್ಲ, "ಥ್ಯಾಂಕ್ಸ್ ಆಂಟಿ" ಎಂದಳು. ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿಂದು ಹೋಗೋಣ ಎಂದೆ. ಮನೆಯಲ್ಲಿ ಕಾಯುತ್ತಿರುತ್ತಾರೆ ಎಂದು ಅವನು ಹೊರಟ.

ಎರಡೂ ಸ್ಯಾಂಪಲನ್ನು ನಾನೇ ಯಂತ್ರಕ್ಕಿಟ್ಟೆ. ಮಗಳದ್ದು ನಾರ್ಮಲ್. ಅವನದ್ದು ನನಗಿಂತ ಹೆಚ್ಚು. ನಮ್ಮ ಡಾಕ್ಟರು ಅವನನ್ನು ಕಳಿಸಿದ ಹೃದಯದ ಡಾಕ್ಟರು ನೋಡಿ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ.

ಈಗ ಆಗಾಗ ಅವನ ರಿಪೋರ್ಟಿನ ಫೋಟೋ ನನ್ನ ಮೊಬೈಲಿಗೆ ಬರುತ್ತದೆ, ಜೊತೆಗೆ ಒಂದಕ್ಷರವೂ ಇರುವುದಿಲ್ಲ. ಇಳಿದಿದೆ, ಮಾತ್ರೆ ಬಿಡಬೇಡ ಎಂದು ಬರೆಯುತ್ತೇನೆ. ಅವನು ಓದಿರುವುದು ಕಾಣಿಸುತ್ತದೆ. ಮೊಬೈಲ್ ಪಕ್ಕಕ್ಕಿಟ್ಟು ಒಬ್ಬಳಿಗಾಗುವಷ್ಟು ಅಕ್ಕಿ ತೊಳೆಯುತ್ತೇನೆ.