ಒಂದೇ ಫೋಟೋದಲ್ಲಿ ಇಬ್ಬರು ಅಜ್ಜಿಯರು

ಎರಡು ಫ್ಲ್ಯಾಷ್ ಬಲ್ಬು, ರೀಲಿನಲ್ಲಿ ಉಳಿದಿದ್ದ ಒಂದೇ ಒಂದು ಫೋಟೋ, ಅಜ್ಜಿಯ ಹದಿನಾಲ್ಕು ಹೆಜ್ಜೆ. ರಾಜಾನುಕುಂಟೆಯ ನಮ್ಮ ಮನೆಯ ಆ ಪಟಕ್ಕೆ ಬಿದ್ದ ಖರ್ಚು ಇಷ್ಟೇ. ಇವತ್ತು ಮೊಮ್ಮಗಳ ಮೊಬೈಲಿನ ಫ್ಲ್ಯಾಷು ಫಕ್ಕನೆ ಕಣ್ಣಿಗೆ ಹೊಡೆದಾಗ ನೆನಪಾಯಿತು.

ಆಗ ದೊಡ್ಡಪ್ಪನಿಗೂ ಅಪ್ಪನಿಗೂ ಮಾತಿರಲಿಲ್ಲ. ಅಜ್ಜಿ ತನ್ನ ಪಕ್ಕ ಕೂರದಿದ್ದರೆ ಫೋಟೋಗೇ ಬರುವುದಿಲ್ಲವೆಂದು ಇಬ್ಬರದೂ ಹಟ. ಉದ್ದನೆಯ ಜಗಲಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತಿದ್ದರು. ಇಬ್ಬರ ಪಕ್ಕದಲ್ಲೂ ಒಂದೊಂದು ಖಾಲಿ ಕುರ್ಚಿ. ಹೊತ್ತು ಮುಳುಗಿತು. ಕ್ಯಾಮೆರಾ ತಂದಿದ್ದ ಸೋದರಮಾವ ತಲೆ ಕೆರೆದುಕೊಂಡ.

"ಒಂದು ಬಲ್ಬು ಅಷ್ಟುದ್ದಕ್ಕೆ ಸಾಲಲ್ಲಮ್ಮಾ. ಕ್ಯಾಮೆರಾ ಕಣ್ಣು ತೆರೆದೇ ಇಟ್ಟು, ಆ ಕಡೆಗೊಂದು, ಈ ಕಡೆಗೊಂದು ಹೊಡೀತೀನಿ."

"ನಡುವೆ ಕತ್ತಲಲ್ಲಿ ಯಾರಾದ್ರೂ ಓಡಾಡಿದ್ರೆ?" ಅಜ್ಜಿ ಕೇಳಿದಳು.

"ಪಟದಲ್ಲಿ ಏನೂ ಬೀಳಲ್ಲ."

"ಅಂಗಾದ್ರೆ ದೀಪ ಆರ್ಸು ಮಗಾ."

ಅಜ್ಜಿ ದೊಡ್ಡಪ್ಪನ ಪಕ್ಕ ಕೂತಳು. ಫಳ್ ಎಂದಿತು. ಮಾವ ಬಲ್ಬು ಬದಲಿಸುವಷ್ಟರಲ್ಲಿ ಅವಳ ಸೀರೆಯ ಸರಸರ ಜಗಲಿಯುದ್ದಕ್ಕೂ ನಡೆಯಿತು. ನಾನು ಉಸಿರು ಬಿಗಿಹಿಡಿದು ಹೆಜ್ಜೆ ಎಣಿಸಿದೆ. ಆ ತುದಿಯಲ್ಲಿ ಅವಳು ಅಪ್ಪನಿಗೆ ಬೈದದ್ದು ಕೇಳಿಸಿತು: "ಮೂತಿ ಸರಿ ಮಾಡ್ಕೊಳ್ಳೋ, ನಾನ್ ಬಂದಿದೀನಿ." ಮತ್ತೊಮ್ಮೆ ಫಳ್.

ಆ ಪಟ ಈಗ ನನ್ನ ಗೋಡೆಯ ಮೇಲಿದೆ. ಬಂದವರಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತೇನೆ. ದೊಡ್ಡಪ್ಪನಿಗೆ ಒಬ್ಬಳು ಅವ್ವ ಸಿಕ್ಕಳು, ಅಪ್ಪನಿಗೆ ಒಬ್ಬಳು. ಮಾವನಿಗೆ ಯಲಹಂಕದವರೆಗೂ ಹೆಸರು ಬಂತು. ಅಜ್ಜಿಗೆ ಇಬ್ಬರು ಮಕ್ಕಳೂ ಒಂದೇ ಚೌಕಟ್ಟಿನೊಳಗೆ ಸಿಕ್ಕರು.