ಮಿಲ್ಲಿನ ಗೋಡೆಯೊಳಗಿನ ಮೂರು ಅಡಿ

ಇದು ನಡೆದದ್ದು. ಲತೀಫನ ಎಕ್ಸ್‌ರೇಯಲ್ಲಿ ಮುರಿದ ಮೂರು ಪಕ್ಕೆಲುಬುಗಳಿವೆ, ಅಷ್ಟಕ್ಕೆ ಸಾಕ್ಷಿ ಇದೆ. ಉಳಿದದ್ದಕ್ಕೆ ನನ್ನ ಮಾತೇ ಗತಿ. ನಂಬದಿದ್ದರೆ ನನಗೇನೂ ಬೇಸರವಿಲ್ಲ.

2006ರ ಹೊತ್ತು. ನಾನು ಮಂಗಳೂರಿನ ಒಂದು ಸೆಂಟರಿನಲ್ಲಿ ವಿಡಿಯೋ ಗೇಮಿನ ಜಾಗಗಳನ್ನು ಕಟ್ಟುವುದು ಕಲಿಯುತ್ತಿದ್ದೆ. ಜಾಗ ಅಂದರೆ ಆಟದಲ್ಲಿ ನಾವು ಓಡಾಡುವ ಕೋಣೆ, ಮೆಟ್ಟಿಲು, ಬೀದಿ. ಮನೆಯಲ್ಲಿ ಕಂಪ್ಯೂಟರ್ ಕ್ಲಾಸ್ ಅಂದಿದ್ದೆ, ಗೇಮ್ ಅಂದರೆ ಅಪ್ಪ ಬಿಡುತ್ತಿದ್ದರೇ? ಕಂಪ್ಯೂಟರ್ ಇದ್ದದ್ದು ನಮ್ಮ ಊರು ವಾಮದಪದವಿನಲ್ಲಿ, ಪಕ್ಕದ ಮನೆಯ ಲತೀಫನ ಹತ್ತಿರ. ಅವನ ಅಣ್ಣ ದುಬೈಯಿಂದ ತಂದದ್ದು. ಒಂದನೇ ಕ್ಲಾಸಿನಿಂದ ನನಗೆ ಗೆಳೆಯ ಅಂತ ಇದ್ದವನು ಅವನೊಬ್ಬನೇ.

ಕೊನೆಯ ಪ್ರಾಜೆಕ್ಟಿಗೆ ಊರಾಚೆ ಮುಚ್ಚಿಹೋಗಿದ್ದ ಅಕ್ಕಿ ಮಿಲ್ಲನ್ನೇ ಆರಿಸಿಕೊಂಡೆ. ಫೋಟೋ ತೆಗೆದು, ಹೆಜ್ಜೆಯಲ್ಲಿ ಅಳೆದು, ಇದ್ದ ಹಾಗೆಯೇ ಕಟ್ಟಿದೆ.

ಈ ಕೆಲಸದಲ್ಲಿ ಕಟ್ಟಡಕ್ಕೆ ಎಲ್ಲೂ ಸಂದು ಇರಬಾರದು. ಇದ್ದರೆ ಆಟ ಶುರುವಾಗುವುದಿಲ್ಲ, ಸಂದು ಎಲ್ಲಿದೆ ಎಂದು ಕಂಪ್ಯೂಟರ್ ಒಂದು ಕೆಂಪು ಗೆರೆ ಎಳೆದು ತೋರಿಸುತ್ತದೆ. ನನ್ನ ಗೆರೆ ಮಿಲ್ಲಿನ ಹಿಂದಿನ ಗೋಡೆಯೊಳಕ್ಕೆ ಹೋಗಿ ನಿಂತಿತು. ಗೋಡೆಯ ಒಂದು ಮೈಯನ್ನು ಒಳಗಿನ ಅಳತೆಯಿಂದ, ಇನ್ನೊಂದನ್ನು ಹೊರಗಿನ ಅಳತೆಯಿಂದ ಕಟ್ಟಿದ್ದೆ. ನಡುವೆ ಮೂರು ಅಡಿ ಖಾಲಿ. ಸುಮ್ಮನೆ ಮುಚ್ಚಿಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಹಠ, ಇನ್ನೊಮ್ಮೆ ಅಳೆಯಲೇಬೇಕು.

ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಆ ಕಡೆ ಬೇಡ ಅಂದ ಲತೀಫ. ಕಾಡಿ ಎಬ್ಬಿಸಿ ಕರೆದುಕೊಂಡು ಹೋದವನು ನಾನೇ.

ಏಳು ಗಂಟೆಯ ಕತ್ತಲೆ. ಅವನು ಮೊಬೈಲಿನ ಬೆಳಕು ಹಿಡಿದು ಒಳಗೆ ಹೋದ. ನಾನು ಟಾರ್ಚ್ ಹಿಡಿದು ಹಿಂದುಗಡೆ ಹೊರಗೆ ನಿಂತೆ. ನಾನು ಎರಡು ಸಲ ಬಡಿದರೆ ಅವನೂ ಒಳಗಿಂದ ಎರಡು ಸಲ ಬಡಿಯಬೇಕು, ಸದ್ದಿನಲ್ಲೇ ಗೋಡೆಯ ದಪ್ಪ ಗೊತ್ತಾಗುತ್ತದೆ.

ಟಕ್ ಟಕ್... ದೂರದಿಂದ ಟಕ್ ಟಕ್.

ಸ್ವಲ್ಪ ಸರಿದು ಮತ್ತೆ ಬಡಿದೆ. ಈ ಸಲ ಉತ್ತರ ನನ್ನ ಕಿವಿಯ ಪಕ್ಕದಲ್ಲೇ ಬಂತು. ಅದರ ಹಿಂದೆಯೇ ಭತ್ತ ಬೇಯಿಸುವ ಬಿಸಿ ವಾಸನೆ... ಆ ಮಿಲ್ಲಿನಲ್ಲಿ ಒಲೆ ಉರಿದು ಎಷ್ಟೋ ವರ್ಷಗಳಾಗಿದ್ದವು.

ಒಳಗೆ ಲತೀಫನ ಸ್ವರ ಕೇಳಿತು, ಯಾವ ಗಾಬರಿಯೂ ಇಲ್ಲದೆ. "ಬಂದೆಯಾ? ಟಾರ್ಚ್ ಇತ್ತ ಕೊಡು ಮಾರಾಯ."

"ಲತೀಫ, ನಾನು ಹೊರಗೆ ಇದ್ದೇನೆ," ಅಂದೆ.

ಆಮೇಲೆ ಮೊದಲ ಪೆಟ್ಟು. ಅಕ್ಕಿ ಮೂಟೆ ಅಟ್ಟದಿಂದ ಬಿದ್ದ ಹಾಗೆ. ಮತ್ತೊಂದು... ಮತ್ತೊಂದು... ಏನೋ ಲಟಕ್ಕನೆ ಮುರಿಯಿತು. ಪ್ರತಿ ಪೆಟ್ಟಿಗೂ ಗೋಡೆ ನನ್ನ ಅಂಗೈ ಕೆಳಗೆ ಅದುರುತ್ತಿತ್ತು. ನಡುವೆ ಅವನ ಸ್ವರ, ಬಾಯಿ ತುಂಬ ರಕ್ತ ಇಟ್ಟುಕೊಂಡು ಮಾತಾಡಿದ ಹಾಗೆ.

"ಬೇಡ ಸುಧೀರ... ಬೇಡ."

ಸುಧೀರ ನಾನು.

ನಾನು ಓಡಲಿಲ್ಲ, ಒಳಗೂ ಹೋಗಲಿಲ್ಲ. ಹೇಡಿ ಅನ್ನಿ, ಒಪ್ಪುತ್ತೇನೆ. ಸದ್ದು ನಿಂತ ಮೇಲೆಯೇ ಹೋದದ್ದು. ಲತೀಫ ಗೋಡೆಯ ಬುಡದಲ್ಲಿ ಬಿದ್ದಿದ್ದ, ಮುಖ ಗುರುತು ಸಿಗುತ್ತಿರಲಿಲ್ಲ, ನೆಲದಲ್ಲಿ ಎರಡು ಹಲ್ಲುಗಳಿದ್ದವು. ಟಾರ್ಚಿನ ಬೆಳಕಿನಲ್ಲಿ ನನ್ನನ್ನು ನೋಡಿದ್ದೇ, ಮೊಣಕೈ ಊರಿಕೊಂಡು ಹಿಂದಕ್ಕೆ ತೆವಳಿದ. ಅವನ ಕಣ್ಣಲ್ಲಿದ್ದ ಆ ಹೆದರಿಕೆ ನನ್ನನ್ನು ಕಂಡೇ.

ಬೈಕಿನಿಂದ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ. ಅವನ ಉಮ್ಮ ಎಷ್ಟು ಕೇಳಿದರೂ ಅದೇ ಮಾತು. ನನ್ನನ್ನು ಉಳಿಸಿದ್ದ. ಆಮೇಲೆ ನನ್ನ ಹತ್ತಿರ ಮಾತು ಬಿಟ್ಟು ದುಬೈಗೆ ಹೋದ.

ಕಳೆದ ವರ್ಷ ಅವನ ಫೋನ್ ಬಂತು. ಯಾಕೆ ಹೊಡೆದದ್ದು ಎಂದು ಒಂದೇ ಪ್ರಶ್ನೆ. ನಾನು ಹೊರಗೇ ಇದ್ದೆ ಎಂದು ಆಣೆ ಹಾಕಿ ಹೇಳಿದೆ. ಆಗ ಅವನು ಕೇಳಿದ.

"ಹಾಗಾದರೆ ಆಸ್ಪತ್ರೆಗೆ ಬರುವಾಗ ನೀನು ಎರಡೂ ಕೈಗೆ ಬಟ್ಟೆ ಸುತ್ತಿಕೊಂಡದ್ದು ಯಾಕೆ?"

ಸುತ್ತಿಕೊಂಡಿದ್ದೆ, ಹೌದು. ಬೆರಳ ಗೆಣ್ಣುಗಳ ಚರ್ಮವೆಲ್ಲ ಕಿತ್ತುಹೋಗಿತ್ತು. ಅದು ಆದದ್ದು ಯಾವಾಗ ಎಂದು ಇವತ್ತಿಗೂ ನನಗೆ ನೆನಪಿಲ್ಲ...